ಚುರುಕು ಮಗುವಿಗೆ ಯಾವ ದಾರಿ? ಮುಂಬಯಿ, ಪುಣೆ, ಗೋವಾದ ಕನ್ನಡ ಮನೆಗಳಿಗೆ ಒಂದು ಹೋಲಿಕೆ

ಜೂನ್‌ನಲ್ಲಿ ಶಾಲೆ ಶುರುವಾದರೆ ಗಣಪತಿ ಹಬ್ಬ ಬರುವಷ್ಟರಲ್ಲಿ ಮಗು ಇಡೀ ವರ್ಷದ ಗಣಿತದ ಪುಸ್ತಕ ಓದಿ ಮುಗಿಸಿರುತ್ತದೆ. ಅಲ್ಲಿಂದ ಮುಂದೆ ತರಗತಿಯಲ್ಲಿ ಅದಕ್ಕೆ ಕೆಲಸವಿಲ್ಲ. ಪಕ್ಕದವರನ್ನು ಮಾತಿಗೆಳೆಯುತ್ತದೆ, ಟೀಚರ್ ಕೇಳಿ ಮುಗಿಸುವ ಮೊದಲೇ ಉತ್ತರ ಹೇಳಿ ಬೈಸಿಕೊಳ್ಳುತ್ತದೆ, ಕೊನೆಗೆ ಹೋಂವರ್ಕ್ ಬರೆಯುವುದನ್ನೇ ನಿಲ್ಲಿಸುತ್ತದೆ. ಡೈರಿಯಲ್ಲಿ ಕೆಂಪು ಶಾಯಿಯ ದೂರು ಬಂದಾಗ ಮನೆಯಲ್ಲಿ ವಿಚಾರ ಶುರು. ಒಲಿಂಪಿಯಾಡ್ ಬರೆಸಿ ಎನ್ನುತ್ತಾರೆ ಬಿಲ್ಡಿಂಗಿನವರು. ಐಕ್ಯೂ ಟೆಸ್ಟ್ ಮಾಡಿಸಿ ಎನ್ನುತ್ತಾರೆ ಶಾಲೆಯ ಕೌನ್ಸೆಲರ್. ನವೋದಯದ ಪರೀಕ್ಷೆ ಕಟ್ಟಿಸು ಎಂದು ಊರಿನಿಂದ ದೊಡ್ಡಪ್ಪನ ಫೋನು, ಜ್ಞಾನಪ್ರಬೋಧಿನಿಗೆ ಹಾಕಿ ಎಂದು ಪುಣೆಯ ನೆಂಟರ ಸಲಹೆ.

ಇವೆಲ್ಲ ಒಂದೇ ಬಗೆಯವಲ್ಲ. ಒಂದು ಅಳತೆ, ಒಂದು ಸ್ಪರ್ಧೆ, ಒಂದು ವಸತಿ ಶಾಲೆ, ಒಂದು ವಿಶೇಷ ಶಾಲೆ. ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ತೂಕದ ಕಲ್ಲು ಬೇಕು. ಆ ಕಲ್ಲು ನಿಮ್ಮ ಮಗುವಿನ ಕೊರತೆ. ಇಂಥ ಮಕ್ಕಳಿಗೆ ಬೇಕಾದದ್ದು ಮೂರು: ತುಸು ಎಟುಕದ ಎತ್ತರದ ಕೆಲಸ, ತನ್ನ ಹಾಗೆಯೇ ಯೋಚಿಸುವ ಒಂದಿಬ್ಬರು ಜೊತೆಗಾರರು, ಆ ವಿಷಯ ನಿಜವಾಗಿ ಬಲ್ಲ ಒಬ್ಬ ದೊಡ್ಡವರು. ಕೆಲವು ಮನೆಗಳಿಗೆ ಇವುಗಳ ಜೊತೆ ಹಣವೂ ಬೇಕು. ಕೆಳಗೆ ಹೇಳುವ ಯಾವ ದಾರಿಯೂ ಎಲ್ಲವನ್ನೂ ಕೊಡುವುದಿಲ್ಲ. ಪರೀಕ್ಷೆಯೊಂದು ತಾನಾಗಿ ಯಾವುದನ್ನೂ ಕೊಡುವುದಿಲ್ಲ, ಅದರ ತಯಾರಿ ಹೇಗೆ ನಡೆಯಿತು ಎಂಬುದರಲ್ಲಿ ಎಲ್ಲ ಇದೆ.

ಮೊದಲು ಮನೆಯಲ್ಲೇ ನೋಡಿ

ತರಗತಿಯಲ್ಲಿ ಮೊದಲ ಸ್ಥಾನ ಬರುವುದಕ್ಕೂ ನಾವು ಇಲ್ಲಿ ಮಾತಾಡುತ್ತಿರುವ ಪ್ರತಿಭೆಗೂ ನೇರ ಸಂಬಂಧವಿಲ್ಲ. ಮೊದಲ ಸ್ಥಾನ ಬರುವ ಮಗು ಕೇಳಿದ್ದಕ್ಕೆ ಉತ್ತರ ಹೇಳುತ್ತದೆ. ಇನ್ನೊಂದು ಮಗು ಉತ್ತರ ಹೇಳಿದ ಮೇಲೂ ಬಿಡುವುದಿಲ್ಲ. ವ್ಯತ್ಯಾಸ ತಿಳಿಯಲು ಒಂದು ಸಣ್ಣ ಪ್ರಶ್ನೆ ಸಾಕು. ನಾಲ್ಕು, ಐದು, ಆರನೇ ತರಗತಿಯ ಮಗುವಿಗೆ ಕೇಳಿ: 1ರಿಂದ 100ರ ಒಳಗೆ ಅಂಕಿಗಳನ್ನು ಕೂಡಿಸಿದರೆ 9 ಬರುವ ಸಂಖ್ಯೆಗಳು ಎಷ್ಟು?

ಹೆಚ್ಚಿನ ಮಕ್ಕಳು 18, 27, 36 ಎಂದು ಬರೆಯುತ್ತಾ ಹೋಗುತ್ತಾರೆ. 9 ಮತ್ತು 90 ಮರೆಯದಿದ್ದರೆ ಉತ್ತರ 10. ಇಲ್ಲಿಗೆ ನಿಲ್ಲಿಸಬೇಡಿ, 1000ದವರೆಗೆ ಎಷ್ಟು ಎಂದು ಕೇಳಿ, ಪೆನ್ಸಿಲ್ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಒಂದು ಮಗು ಎಲ್ಲವನ್ನೂ ಬರೆಯಲು ಹೊರಟು ದಣಿಯುತ್ತದೆ. ಇನ್ನೊಂದು ಮಗು ಸ್ವಲ್ಪ ಹೊತ್ತಿನ ನಂತರ ಬರೆಯುವುದನ್ನು ನಿಲ್ಲಿಸಿ, ನೂರರ ಸ್ಥಾನದಲ್ಲಿ 1 ಇದ್ದರೆ ಉಳಿದ ಎರಡು ಅಂಕಿ ಸೇರಿ 8 ಆಗಬೇಕು, ಅದು 9 ಬಗೆ. 2 ಇದ್ದರೆ 8 ಬಗೆ ಎಂದು ಕಂಡುಕೊಳ್ಳುತ್ತದೆ. 10, 9, 8 ಹೀಗೆ 1ರವರೆಗೆ ಕೂಡಿಸಿ 55 ಎನ್ನುತ್ತದೆ. ಅದಾದ ಮೇಲೆ ಹತ್ತು ಸಾವಿರದವರೆಗೆ ಎಷ್ಟು ಎಂದು ತಾನೇ ಕೇಳಿದರೆ ನೀವು ಈ ಲೇಖನವನ್ನು ಗಮನವಿಟ್ಟು ಓದಬೇಕು.

ಉತ್ತರ ಬರದಿದ್ದರೂ ಪರವಾಗಿಲ್ಲ, ಎಷ್ಟು ಹೊತ್ತು ಬಿಡದೆ ಹಿಡಿದಿತ್ತು ಎಂದು ನೋಡಿ. ಗಣಿತವೇ ಆಗಬೇಕೆಂದಿಲ್ಲ. ಹಕ್ಕಿಗಳ ಪಟ್ಟಿ ಬರೆಯುವ ಮಗು, ಯಕ್ಷಗಾನದ ಪ್ರಸಂಗ ಪೂರ್ತಿ ಬಾಯಿಪಾಠ ಮಾಡಿ ಅರ್ಥಗಾರಿಕೆಯಲ್ಲಿ ತನ್ನದೇ ವಾದ ಹೂಡುವ ಮಗು, ಕೆಟ್ಟ ಮಿಕ್ಸರ್ ಬಿಚ್ಚಿ ಮತ್ತೆ ಜೋಡಿಸುವ ಮಗು, ಎಲ್ಲ ಇದೇ ಸಾಲು. ಎರಡು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಇಂಥದ್ದನ್ನು ಬರೆದಿಡಿ: ಏನು ಕೇಳಿತು, ಏನು ಮಾಡಿತು, ಎಷ್ಟು ಹೊತ್ತು. ಶಾಲೆಯಲ್ಲಾಗಲಿ ಮನಃಶಾಸ್ತ್ರಜ್ಞರ ಬಳಿಯಾಗಲಿ "ನಮ್ಮ ಮಗು ತುಂಬ ಬುದ್ಧಿವಂತ" ಎಂಬ ಮಾತಿಗಿಂತ ಈ ನೋಟ್‌ಬುಕ್ಕಿಗೆ ಬೆಲೆ ಹೆಚ್ಚು.

ಐಕ್ಯೂ ಪರೀಕ್ಷೆ ಯಾವಾಗ ಬೇಕು, ಯಾವಾಗ ಬೇಡ

ಸ್ಪರ್ಧೆಗಳಿಗೆ, ವಿಜ್ಞಾನ ಕೇಂದ್ರಗಳಿಗೆ, ಒಲಿಂಪಿಯಾಡ್‌ಗಳಿಗೆ ಐಕ್ಯೂ ಅಂಕವನ್ನು ಯಾರೂ ಕೇಳುವುದಿಲ್ಲ. ಕುತೂಹಲಕ್ಕಾಗಿ ಹಣ ಖರ್ಚು ಮಾಡಬೇಡಿ. ಮಾಡಿಸಬೇಕಾದ ಸಂದರ್ಭ ಎರಡು. ತರಗತಿ ಹಾರಿಸುವ ಯೋಚನೆ ಇದ್ದರೆ ಒಂದು. ಮಾತಿನಲ್ಲಿ ಅಷ್ಟು ಚುರುಕಾದ ಮಗು ಓದು, ಬರಹದಲ್ಲಿ ಮಾತ್ರ ತೀರ ಹಿಂದೆ ಇದ್ದರೆ ಇನ್ನೊಂದು. ಡಿಸ್ಲೆಕ್ಸಿಯಾ ಇರುವ ಪ್ರತಿಭಾವಂತ ಮಗುವಿನಲ್ಲಿ ಬುದ್ಧಿ ಕೊರತೆಯನ್ನು ಮುಚ್ಚುತ್ತದೆ, ಕೊರತೆ ಬುದ್ಧಿಯನ್ನು ಮುಚ್ಚುತ್ತದೆ. ಅಂಕಪಟ್ಟಿಯಲ್ಲಿ ಅದು ಸಾಧಾರಣ ಮಗುವಾಗಿ ಕಾಣುತ್ತದೆ. ಈ ಮಕ್ಕಳೇ ಎಲ್ಲರಿಗಿಂತ ಹೆಚ್ಚು ಕಳೆದುಹೋಗುವವರು. ಹತ್ತನೇ ತರಗತಿಯ ಬೋರ್ಡ್ ರಿಯಾಯಿತಿ ಬೇಕಾದರೆ ಸರಕಾರ ಗುರುತಿಸಿದ ಆಸ್ಪತ್ರೆಯ ಪ್ರಮಾಣಪತ್ರ ಬೇಕಾಗುತ್ತದೆ. ಮುಂಬಯಿಯಲ್ಲಿ ಸಾಯನ್ ಆಸ್ಪತ್ರೆಯ ಕಲಿಕಾ ನ್ಯೂನತೆಯ ಕ್ಲಿನಿಕ್ ಇದಕ್ಕೆ ಹೆಸರಾದದ್ದು. ಇಂಥ ಕಡೆ ಸರದಿ ಉದ್ದವಿರುತ್ತದೆ, ಹಾಗಾಗಿ ಏಳು, ಎಂಟನೇ ತರಗತಿಯಲ್ಲೇ ಹೆಸರು ಬರೆಸಿ.

ನಮ್ಮ ಮಕ್ಕಳ ವಿಷಯದಲ್ಲಿ ಎಡವುವುದು ಭಾಷೆಯಲ್ಲಿ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಹಿಂದಿ ಇಲ್ಲವೇ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ಪಠ್ಯದಲ್ಲಿ ಮರಾಠಿ. ಏಳು ವರ್ಷದ ಮಗುವಿನ ಪದಸಂಪತ್ತು ನಾಲ್ಕು ಕಡೆ ಹಂಚಿಹೋಗಿರುತ್ತದೆ. ಇಂಗ್ಲಿಷಿನಲ್ಲಿ ಪದದ ಅರ್ಥ ಕೇಳುವ ಭಾಗದಲ್ಲಿ ಅಂಕ ಇಳಿಯುತ್ತದೆ, ಒಟ್ಟು ಅಂಕವನ್ನೂ ಕೆಳಗೆ ಎಳೆಯುತ್ತದೆ. ಆದ್ದರಿಂದ ಯಾವ ಪರೀಕ್ಷೆ, ಯಾವ ಭಾಷೆಯಲ್ಲಿ ಎಂದು ಮೊದಲೇ ಕೇಳಿ. ಮಾಲಿನ್ ಅವರ ಭಾರತೀಯ ಮಕ್ಕಳ ಪರೀಕ್ಷೆ 6ರಿಂದ 15 ವರ್ಷದವರಿಗೆ. ಅದರಲ್ಲಿ ಮಾತಿನ ಭಾಗ ಮತ್ತು ಕೈಕೆಲಸದ ಭಾಗ ಬೇರೆ ಬೇರೆ ಅಂಕ ಕೊಡುತ್ತವೆ. ರೇವನ್ ಅವರ ಚಿತ್ರವಿನ್ಯಾಸದ ಪರೀಕ್ಷೆಗೆ ಭಾಷೆಯೇ ಬೇಡ. ಚಿಕ್ಕವರಿಗೆ 36 ಬಣ್ಣದ ಚಿತ್ರಗಳು, ದೊಡ್ಡವರಿಗೆ 60. ಆದರೆ ಅದು ಒಂದೇ ಬಗೆಯ ಬುದ್ಧಿಯನ್ನು ಅಳೆಯುತ್ತದೆ.

ಕನ್ನಡದವರು ತಿಳಿದಿರಬೇಕಾದದ್ದು ಬಿನೆ-ಕಾಮತ್ ಪರೀಕ್ಷೆ. ಫ್ರಾನ್ಸಿನ ಬಿನೆ ರೂಪಿಸಿದ ಅಳತೆಯನ್ನು ಡಾ. ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದೇ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಇಂದಿಗೂ ಆಸ್ಪತ್ರೆಗಳಲ್ಲಿ ಅದು ಬಳಕೆಯಲ್ಲಿದೆ. ಆದರೆ ಅಂಕವನ್ನು ಹೋಲಿಸಲು ಅದು ಇಟ್ಟುಕೊಂಡ ಮಕ್ಕಳು ಹಳೆಯ ಕಾಲದವರು, ಇಂದಿನ ಮಕ್ಕಳಿಗೆ ಅಂಕ ಏರಿಯೇ ಬರುತ್ತದೆ. 140 ಬಂತೆಂದು ಹಿಗ್ಗುವ ಮೊದಲು ಯಾವ ಪರೀಕ್ಷೆಯ 140 ಎಂದು ನೋಡಿ.

ಪರೀಕ್ಷೆಗೆ ಬೆಳಗಿನ ಹೊತ್ತು ಕೇಳಿಕೊಳ್ಳಿ. ಶಾಲೆ ಮುಗಿಸಿ, ಲೋಕಲ್ ರೈಲಿನಲ್ಲಿ ನಿಂತು ಬಂದ ಮಗುವನ್ನು ಸಂಜೆ 6ಕ್ಕೆ ಕೂರಿಸಿದರೆ ಅಳೆದದ್ದು ಆಯಾಸವನ್ನೇ. ನೆಗಡಿ ಇದ್ದರೆ ಮುಂದೂಡಿ. ಮಾದರಿ ಪ್ರಶ್ನೆಗಳನ್ನು ಮನೆಯಲ್ಲಿ ಬಿಡಿಸಿಸಿದರೆ ಅಂಕಕ್ಕೆ ಅರ್ಥವೇ ಹೋಗುತ್ತದೆ. ವರದಿಯಲ್ಲಿ ಒಟ್ಟು ಅಂಕ ಮಾತ್ರ ಇದ್ದರೆ ಒಪ್ಪಬೇಡಿ, ಪ್ರತಿ ಭಾಗದ ಅಂಕ ಬೇಕೆಂದು ಕೇಳಿ. ಮಾತಿನ ಭಾಗ 105, ಕೈಕೆಲಸದ ಭಾಗ 138 ಎಂದು ಬಂದ ಮಗುವನ್ನು ಸರಾಸರಿ ತೆಗೆದು 121 ಎಂದರೆ ಆ ಮಗುವಿನ ಬಗ್ಗೆ ಏನೂ ಹೇಳಿದಂತಾಗಲಿಲ್ಲ. ಆರು ವರ್ಷದ ಒಳಗಿನ ಅಂಕ ಸ್ಥಿರವಲ್ಲ, ಅದರ ಮೇಲೆ ಯಾವ ನಿರ್ಧಾರವನ್ನೂ ಕಟ್ಟಬೇಡಿ.

ಶಾಲೆ ಬದಲಿಸುವುದಾದರೆ: ಜ್ಞಾನಪ್ರಬೋಧಿನಿಯೋ ನವೋದಯವೋ

ಪುಣೆಯಲ್ಲಿ ಡಾ. ವಿ. ವಿ. ಪೆಂಡ್ಸೆ 1962ರಲ್ಲಿ ಜ್ಞಾನಪ್ರಬೋಧಿನಿಯನ್ನು ಶುರು ಮಾಡಿದರು, ಅದರ ಪ್ರಶಾಲೆ (ಪ್ರೌಢಶಾಲೆ) 1969ರಲ್ಲಿ ಸದಾಶಿವ ಪೇಠೆಯಲ್ಲಿ ತೆರೆಯಿತು. ಪ್ರತಿಭಾವಂತ ಮಕ್ಕಳಿಗೆಂದೇ ನಡೆಯುವ ಶಾಲೆಗಳು ನಮ್ಮ ದೇಶದಲ್ಲಿ ಬೆರಳೆಣಿಕೆಯವು, ಅದರಲ್ಲಿ ಇದು ಹಿರಿದು. ಪ್ರವೇಶ ಐದನೇ ತರಗತಿಗೆ, ಬುದ್ಧಿಮತ್ತೆ ಪರೀಕ್ಷೆಗಳ ಮೇಲೆ. ಹಾಗಾಗಿ ಮಗು ನಾಲ್ಕನೇ ತರಗತಿಯಲ್ಲಿರುವಾಗಲೇ ಅರ್ಜಿಯ ತಾರೀಖು ನೋಡುತ್ತಿರಬೇಕು, ಐದನೆಯ ತರಗತಿಯಲ್ಲಿ ಎಚ್ಚರವಾದರೆ ತಡ. ಒಂದು ಗೊಂದಲ ಇದೆ: ನಿಗಡಿಯಲ್ಲೂ ಸೋಲಾಪುರದಲ್ಲೂ ಇದೇ ಸಂಸ್ಥೆಯ ಶಾಲೆಗಳಿವೆ, ಆದರೆ ಪ್ರತಿಭಾವಂತರಿಗೆಂದೇ ಹುಟ್ಟಿದ್ದು ಸದಾಶಿವ ಪೇಠೆಯ ಪ್ರಶಾಲೆ. ಯಾವುದಕ್ಕೆ ಅರ್ಜಿ ಹಾಕುತ್ತಿದ್ದೀರಿ ಎಂದು ನೋಡಿಕೊಳ್ಳಿ.

ಪ್ರಶಾಲೆಯ ದೊಡ್ಡ ಲಾಭ ಜೊತೆಗಾರರು. ತನ್ನ ಪ್ರಶ್ನೆಗೆ ನಗದ ಮಕ್ಕಳ ನಡುವೆ ಕೂರುವುದು ಇಂಥ ಮಗುವಿಗೆ ಎಷ್ಟು ದೊಡ್ಡ ಬಿಡುಗಡೆ ಎಂದು ಹೊರಗಿನವರಿಗೆ ಅಂದಾಜಾಗುವುದಿಲ್ಲ. ಆದರೆ ಅಲ್ಲಿಯ ಬದುಕು ಮರಾಠಿಯದು. ಸಭೆ, ಶಿಬಿರ, ಹಬ್ಬ, ಪಥಕ (ಢೋಲು ತಾಶೆಯ ತಂಡ), ಗೆಳೆತನ ಎಲ್ಲ ಮರಾಠಿಯಲ್ಲಿ. ಪುಣೆಯಲ್ಲೇ ಹುಟ್ಟಿ ಮರಾಠಿ ಆಡುತ್ತಾ ಬೆಳೆದ ಕನ್ನಡದ ಮಗುವಿಗೆ ಏನೂ ತೊಂದರೆಯಿಲ್ಲ. ಕಳೆದ ವರ್ಷ ಹುಬ್ಬಳ್ಳಿಯಿಂದ ವರ್ಗವಾಗಿ ಹಿಂಜೆವಾಡಿಗೆ ಬಂದ ಮನೆಯ ಮಗುವಿಗೆ ಮೊದಲ ವರ್ಷ ಕಷ್ಟ. ಇನ್ನು ಹಿಂಜೆವಾಡಿಯಿಂದ ಸದಾಶಿವ ಪೇಠೆಗೆ ದಿನವೂ ಹೋಗಿ ಬರುವ ಹೊತ್ತನ್ನೂ ಲೆಕ್ಕ ಹಾಕಿ. ಹತ್ತು ವರ್ಷದ ಮಗುವಿನ ಮೂರು ಗಂಟೆ ರಸ್ತೆಯಲ್ಲಿ ಕಳೆದರೆ ಶಾಲೆಯಲ್ಲಿ ಗಳಿಸಿದ್ದು ಅಲ್ಲೇ ಸೋರಿಹೋಗುತ್ತದೆ.

ನವೋದಯದ ಲೆಕ್ಕ ಬೇರೆ. ಅದು ಕೇಂದ್ರ ಸರಕಾರದ ವಸತಿ ಶಾಲೆ. ಆರನೇ ತರಗತಿಗೆ ಪ್ರವೇಶ, ಮಗು ಐದನೇ ತರಗತಿಯಲ್ಲಿರುವಾಗ ಒಂದೇ ಸಲ ಪರೀಕ್ಷೆಗೆ ಅವಕಾಶ. ಎರಡು ಗಂಟೆ, 80 ಪ್ರಶ್ನೆ, 100 ಅಂಕ: ಮಾನಸಿಕ ಸಾಮರ್ಥ್ಯ 40 ಪ್ರಶ್ನೆ, ಅಂಕಗಣಿತ 20, ಭಾಷೆ 20. ಅರ್ಧದಷ್ಟು ಅಂಕ ಮಾನಸಿಕ ಸಾಮರ್ಥ್ಯಕ್ಕೇ ಇರುವುದರಿಂದ ಚಿತ್ರದ ಪ್ರಶ್ನೆಗಳ ರೂಢಿ ಇಲ್ಲದ ಮಗು ಎಷ್ಟೇ ಚುರುಕಾಗಿದ್ದರೂ ಸೋಲುತ್ತದೆ. ಪ್ರಶ್ನೆಪತ್ರಿಕೆ ಸಿಗುವ ಭಾಷೆಗಳಲ್ಲಿ ಕನ್ನಡವೂ ಒಂದು. ನಿಮ್ಮ ರಾಜ್ಯದಲ್ಲಿ ಯಾವ ಭಾಷೆ ಆರಿಸಬಹುದು ಎಂಬುದನ್ನು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ನೋಡಿ ಅರ್ಜಿ ತುಂಬಿ, ಆಮೇಲೆ ಬದಲಿಸಲಾಗದು.

ಕನ್ನಡ ಮನೆಗಳ ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಮಗು ಯಾವ ಜಿಲ್ಲೆಯಲ್ಲಿ ಐದನೇ ತರಗತಿ ಓದುತ್ತಿದೆಯೋ ಆ ಜಿಲ್ಲೆಯ ನವೋದಯಕ್ಕೇ ಅರ್ಜಿ ಹಾಕಬೇಕು. ವಾಸ್ಕೋದಲ್ಲಿ ಓದುವ ಮಗುವಿಗೆ ಊರಿನ ವಿಳಾಸ ಕೊಟ್ಟು ಬಾಗಲಕೋಟೆಯ ನವೋದಯಕ್ಕೆ ಹಾಕಲು ಬರುವುದಿಲ್ಲ. ಇನ್ನೊಂದು, ಕನಿಷ್ಠ 75 ಶೇಕಡಾ ಸೀಟು ಹಳ್ಳಿಯ ಮಕ್ಕಳಿಗೆ. ಮೂರು, ನಾಲ್ಕು, ಐದನೇ ತರಗತಿಗಳಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಮಗು ನಗರದ ಲೆಕ್ಕಕ್ಕೆ ಬರುತ್ತದೆ. ಗೋವಾದಲ್ಲಿ ಎರಡು ನವೋದಯಗಳಿವೆ, ಉತ್ತರಕ್ಕೆ ವಾಳಪೈ, ದಕ್ಷಿಣಕ್ಕೆ ಕಾಣಕೋಣ. ಪುಣೆ ಜಿಲ್ಲೆಯದು ಶಿಕ್ರಾಪುರದಲ್ಲಿ.

ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲ ಪುಕ್ಕಟೆ. ಒಂಬತ್ತನೇ ತರಗತಿಯಿಂದ ಹುಡುಗರಿಗೆ ತಿಂಗಳಿಗೆ 600 ರೂಪಾಯಿ ವಿಕಾಸ ನಿಧಿ, ಸರಕಾರಿ ನೌಕರರ ಮಕ್ಕಳಿಗೆ ಇನ್ನೂ ಹೆಚ್ಚು. ಹುಡುಗಿಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಝುವಾರಿನಗರದ ಬಾಡಿಗೆ ಕೋಣೆಯಲ್ಲಿ ಐದು ಜನರ ನಡುವೆ ಓದುವ ಮಗುವಿಗೆ ನಾವು ಮೊದಲು ಹೇಳುವುದು ನವೋದಯವನ್ನೇ. ಅಲ್ಲಿ ಅದಕ್ಕೆ ಮೇಜು, ದೀಪ, ಗ್ರಂಥಾಲಯ, ರಾತ್ರಿಯೂ ಪ್ರಶ್ನೆ ಕೇಳಲು ಒಬ್ಬ ಮೇಷ್ಟ್ರು ಸಿಗುತ್ತಾರೆ. ಆದರೆ ಹನ್ನೊಂದು ವರ್ಷಕ್ಕೆ ಮನೆ ಬಿಟ್ಟಿರಬೇಕು. ಸೋದರಮಾವನ ಮನೆಯಲ್ಲಿ ಹದಿನೈದು ದಿನ ಅಪ್ಪ ಅಮ್ಮ ಇಲ್ಲದೆ ಇದ್ದು ನೋಡಲಿ, ಹೇಗಿತ್ತು ಎಂದು ಅದನ್ನೇ ಕೇಳಿ, ಆಮೇಲೆ ನಿರ್ಧರಿಸಿ.

ಪರೀಕ್ಷೆ, ಸ್ಪರ್ಧೆ: ಯಾವುದು ಯಾರಿಗೆ

ಹಣದ ಅಗತ್ಯ ಇರುವ ಮನೆಗೆ ಮೊದಲು ಎನ್‌ಎಂಎಂಎಸ್. ಕೇಂದ್ರ ಸರಕಾರದ ವಿದ್ಯಾರ್ಥಿವೇತನದ ಪರೀಕ್ಷೆ, ಎಂಟನೇ ತರಗತಿಯಲ್ಲಿ ಬರೆಯುವುದು. ಪಾಸಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು. ಸರಕಾರಿ, ಅನುದಾನಿತ, ನಗರಪಾಲಿಕೆ ಶಾಲೆಯ ಮಕ್ಕಳಿಗೆ ಮಾತ್ರ, ಅನುದಾನರಹಿತ ಖಾಸಗಿ ಶಾಲೆಯವರಿಗೆ ಇಲ್ಲ. ಮಾನಸಿಕ ಸಾಮರ್ಥ್ಯ ಮತ್ತು ಶಾಲಾ ವಿಷಯಗಳ ಎರಡು ಪತ್ರಿಕೆ, ತಲಾ 90 ಪ್ರಶ್ನೆ, ತಲಾ 90 ನಿಮಿಷ. ಪರೀಕ್ಷೆ ಪಾಸಾದ ಮಕ್ಕಳ ಹಣ ಕಾಗದಪತ್ರದಲ್ಲಿ ಸಿಕ್ಕಿಬೀಳುವುದೇ ಹೆಚ್ಚು. ಊರಿನಲ್ಲಿ ಮಾಡಿಸಿದ ಆಧಾರ್‌ನಲ್ಲಿ ಹೆಸರು ಇನಿಶಿಯಲ್ ಜೊತೆ ಇರುತ್ತದೆ, ಮಹಾರಾಷ್ಟ್ರದ ಶಾಲೆಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಭಾಗ ಇರುತ್ತದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮೂರನೆಯದೊಂದು. ಪೋರ್ಟಲ್ ಈ ಮೂರನ್ನೂ ಮೂರು ಮಕ್ಕಳೆಂದು ತಿಳಿಯುತ್ತದೆ. ಏಳನೇ ತರಗತಿಯ ಬೇಸಿಗೆ ರಜೆಯಲ್ಲೇ ಹೆಸರು ಸರಿಮಾಡಿಸಿ. ತಹಶೀಲ್ದಾರರ ಆದಾಯ ಪ್ರಮಾಣಪತ್ರಕ್ಕೂ ಆಗಲೇ ಅರ್ಜಿ ಕೊಡಿ.

ಮಹಾರಾಷ್ಟ್ರದ ಶಿಷ್ಯವೃತ್ತಿ ಪರೀಕ್ಷೆ ಕನ್ನಡ ಮಾಧ್ಯಮದಲ್ಲೂ ನಡೆಯುತ್ತದೆ. ನಗರದ ಕನ್ನಡ ಶಾಲೆಗಳ ಮಕ್ಕಳಿಗೆ ತಮ್ಮ ಭಾಷೆಯಲ್ಲೇ ಇಡೀ ರಾಜ್ಯದವರ ಜೊತೆ ನಿಲ್ಲುವ ಅವಕಾಶ ಇದು, ಬಿಡಬಾರದು. ಎರಡು ಪತ್ರಿಕೆ, ತಲಾ 75 ಪ್ರಶ್ನೆ, 150 ಅಂಕ, ಒಂದೂವರೆ ಗಂಟೆ. ಮೊದಲನೆಯದರಲ್ಲಿ ಪ್ರಥಮ ಭಾಷೆ, ಗಣಿತ. ಎರಡನೆಯದರಲ್ಲಿ ತೃತೀಯ ಭಾಷೆ, ಬುದ್ಧಿಮತ್ತೆ. ಎಂಟನೇ ತರಗತಿಯ ಪತ್ರಿಕೆಯಲ್ಲಿ ಕೆಲವು ಪ್ರಶ್ನೆಗೆ ಎರಡು ಸರಿಯುತ್ತರ ಇರುತ್ತವೆ, ಎರಡನ್ನೂ ಗುರುತಿಸದಿದ್ದರೆ ಅಂಕವಿಲ್ಲ. ಸೂಚನೆ ಓದದೆ ಧಾವಿಸುವ ಚುರುಕು ಮಕ್ಕಳೇ ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಈ ಪರೀಕ್ಷೆ ಮೊದಲು ನಾಲ್ಕು, ಏಳನೇ ತರಗತಿಗಿತ್ತು, ಆಮೇಲೆ ಐದು, ಎಂಟಕ್ಕೆ ಹೋಯಿತು, ಈಗ ಮತ್ತೆ ನಾಲ್ಕು, ಏಳಕ್ಕೆ ತರುವ ನಿರ್ಧಾರವಾಗಿದೆ. ನಿಮ್ಮ ಮಗುವಿನ ವರ್ಷಕ್ಕೆ ಯಾವುದು ಎಂದು ಶಾಲೆಯಲ್ಲಿ ಕೇಳಿ.

ಹೋಮಿ ಭಾಭಾ ಬಾಲವಿಜ್ಞಾನಿ ಸ್ಪರ್ಧೆಯ ಬಗ್ಗೆ ನಮಗೆ ವಿಶೇಷ ಗೌರವವಿದೆ. ಮುಂಬಯಿಯ ವಿಜ್ಞಾನ ಶಿಕ್ಷಕರ ಸಂಘ 1981ರಿಂದ ನಡೆಸಿಕೊಂಡು ಬಂದದ್ದು, ಆರು ಮತ್ತು ಒಂಬತ್ತನೇ ತರಗತಿಯವರಿಗೆ. ಲಿಖಿತ ಪರೀಕ್ಷೆ ದಾಟಿದವರಿಗೆ ಪ್ರಯೋಗ ಪರೀಕ್ಷೆ, ಅದನ್ನೂ ದಾಟಿದವರಿಗೆ ಸ್ವಂತ ಸಂಶೋಧನಾ ಕೆಲಸ ಮತ್ತು ಸಂದರ್ಶನ. ಅಂದರೆ ತಯಾರಿಯೇ ಕಲಿಕೆ. ಕೋಚಿಂಗ್ ಪುಸ್ತಕ ಗಟ್ಟಿಮಾಡಿ ಲಿಖಿತದಲ್ಲಿ ಗೆದ್ದ ಮಕ್ಕಳು ಪ್ರಯೋಗದ ಮೇಜಿನ ಮುಂದೆ ನಿಂತು ಕೈಕಟ್ಟಿಕೊಳ್ಳುತ್ತಾರೆ. ಅಳತೆಯ ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ಓದುವುದನ್ನೇ ತೆಗೆದುಕೊಳ್ಳಿ. ನೀರು ಅಂಚಿನಲ್ಲಿ ಗಾಜಿಗೆ ಅಂಟಿ ಮೇಲೇರಿ, ನಡುವೆ ಬಾಗಿರುತ್ತದೆ. ಓದಬೇಕಾದ್ದು ಬಾಗಿದ ತಳವನ್ನು, ಕಣ್ಣನ್ನು ಅದೇ ಮಟ್ಟಕ್ಕೆ ತಂದು. ಮಗು ನಿಂತುಕೊಂಡು ಮೇಲಿನಿಂದ ನೋಡಿದರೆ ಇರುವುದಕ್ಕಿಂತ ಹೆಚ್ಚಿನ ಅಳತೆ ಓದುತ್ತದೆ. 50 ಮಿಲಿಲೀಟರಿನ ಒಂದು ಪ್ಲಾಸ್ಟಿಕ್ ಕೊಳವೆ, ಒಂದು ಥರ್ಮಾಮೀಟರ್, ಎರಡು ಸೆಲ್, ತಂತಿ, ಸಣ್ಣ ಬಲ್ಬು, ಮಸೂರ, ಲಿಟ್ಮಸ್ ಕಾಗದ ಮನೆಯಲ್ಲಿದ್ದರೆ ಆರನೇ ತರಗತಿಯ ಬಹುಪಾಲು ಪ್ರಯೋಗ ಅಡುಗೆಮನೆಯ ಕಟ್ಟೆಯ ಮೇಲೆ ಆಗುತ್ತದೆ. ಕನ್ನಡ ಮಾಧ್ಯಮದ ಮಗು ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಮತ್ತೆ ಕಲಿಯಬೇಕಾಗುತ್ತದೆ. ಒಂದು ಪುಟದಲ್ಲಿ ಎರಡು ಕಾಲಂ ಮಾಡಿ ಬರೆದುಕೊಂಡರೆ ಎರಡು ತಿಂಗಳ ಕೆಲಸ.

ಒಲಿಂಪಿಯಾಡ್ ಎಂಬ ಹೆಸರಿನಲ್ಲಿ ಎರಡು ಬೇರೆ ವಸ್ತುಗಳು ಓಡಾಡುತ್ತಿವೆ. ಖಾಸಗಿ ಕಂಪನಿಗಳು ಒಂದನೇ ತರಗತಿಯಿಂದಲೇ ಶಾಲೆಗಳಲ್ಲಿ ನಡೆಸುವವು ಒಂದು ಬಗೆ. ವಿಷಯಕ್ಕೊಂದು ಫೀಸು, ಹೆಚ್ಚಿನವರಿಗೆ ಪದಕ, ಪ್ರಶ್ನೆಗಳು ಪಠ್ಯಪುಸ್ತಕಕ್ಕಿಂತ ತುಸು ಮೇಲೆ. ಪರೀಕ್ಷೆ ಬರೆಯುವ ರೂಢಿಗೆ ಒಂದೆರಡು ಸಲ ಬರೆಯಲಿ, ಅದಕ್ಕಿಂತ ಹೆಚ್ಚು ಬೇಡ. ಅಂತರರಾಷ್ಟ್ರೀಯ ತಂಡಕ್ಕೆ ಹೋಗುವ ನಿಜವಾದ ದಾರಿ ಮಾನಖುರ್ದಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಮೂಲಕ ಹೋಗುತ್ತದೆ. ಗಣಿತದಲ್ಲಿ ಎಂಟನೇ ತರಗತಿಯಿಂದ ಮೊದಲ ಹಂತದ ಪರೀಕ್ಷೆಯಾದ ಐಓಕ್ಯೂಎಂ ಬರೆಯಬಹುದು. ಮೂರು ಗಂಟೆಗೆ 30 ಪ್ರಶ್ನೆ, ಪ್ರತಿ ಉತ್ತರವೂ ಒಂದಂಕಿ ಅಥವಾ ಎರಡಂಕಿಯ ಪೂರ್ಣಾಂಕ, ಆಯ್ಕೆಗಳಿಲ್ಲ, ಊಹೆಗೆ ಜಾಗವಿಲ್ಲ. ಅದರ ಮೇಲೆ ಪ್ರಾದೇಶಿಕ ಹಂತ, ಅದರ ಮೇಲೆ ರಾಷ್ಟ್ರ ಹಂತ, ಅಲ್ಲಿ ಉತ್ತರದ ಪೂರ್ತಿ ಸಾಧನೆಯನ್ನು (ಪ್ರೂಫ್) ಬರೆಯಬೇಕು. ವಿಜ್ಞಾನದಲ್ಲಿ ಹತ್ತನೇ ತರಗತಿಯವರೆಗಿನವರಿಗೆ ಎನ್‌ಎಸ್‌ಇಜೆಎಸ್, ಕಿರಿಯರ ವಿಜ್ಞಾನ ಒಲಿಂಪಿಯಾಡಿನ ಮೊದಲ ಹಂತ, ನವೆಂಬರಿನಲ್ಲಿ, ಭೌತಶಾಸ್ತ್ರ ಶಿಕ್ಷಕರ ಸಂಘ ನಡೆಸುವುದು. ತಪ್ಪಿಗೆ ಅಂಕ ಕಳೆಯುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಆರನೇ ತರಗತಿಯ ಮಗುವಿಗೆ ಹಳೆಯ ಐಓಕ್ಯೂಎಂ ಪತ್ರಿಕೆಯ ಮೊದಲ ಐದು ಪ್ರಶ್ನೆ ಕೊಟ್ಟು, ವಾರಕ್ಕೊಂದರಂತೆ ಬಿಡಿಸಲು ಹೇಳಿ. ಶೇಕಡಾ 100 ತೆಗೆಯುವ ಪರೀಕ್ಷೆಯಿಂದ ತಿಳಿಯದ್ದು ಇದರಿಂದ ತಿಳಿಯುತ್ತದೆ: ನಿಮ್ಮ ಮಗುವಿನ ಮಿತಿ ಎಲ್ಲಿದೆ ಎಂದು.

ಎನ್‌ಟಿಎಸ್‌ಇ (ರಾಷ್ಟ್ರೀಯ ಪ್ರತಿಭಾಶೋಧ ಪರೀಕ್ಷೆ) 2021ರಿಂದ ನಿಂತಿದೆ. ವಿಜ್ಞಾನದ ವಿದ್ಯಾರ್ಥಿವೇತನವಾಗಿದ್ದ ಕೆವಿಪಿವೈ 2022ರಲ್ಲಿ ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಹೋಯಿತು. ಅವುಗಳ ಹೆಸರಿನಲ್ಲಿ ಕೋರ್ಸು ಮಾರುವವರಿಗೆ ಹಣ ಕೊಡುವ ಮೊದಲು ಈ ವರ್ಷದ ಸರಕಾರಿ ಅಧಿಸೂಚನೆ ತೋರಿಸಿ ಎನ್ನಿ. ಚಿತ್ರಕಲೆಯ ಮಗುವಿಗೆ ಮಹಾರಾಷ್ಟ್ರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಪರೀಕ್ಷೆಗಳಿವೆ, ಎಸ್‌ಎಸ್‌ಸಿಯಲ್ಲಿ ಅದಕ್ಕೆ ಹೆಚ್ಚುವರಿ ಅಂಕವೂ ಇದೆ. ಸಂಗೀತ, ನೃತ್ಯ, ಯಕ್ಷಗಾನದಂಥ ಕಲೆಗಳಲ್ಲಿ 10ರಿಂದ 14 ವರ್ಷದವರಿಗೆ ಕೇಂದ್ರ ಸರಕಾರದ ಸಾಂಸ್ಕೃತಿಕ ತರಬೇತಿ ಸಂಸ್ಥೆ ಸಿಸಿಆರ್‌ಟಿ ವಿದ್ಯಾರ್ಥಿವೇತನ.

ಜೊತೆ ಮತ್ತು ಗುರು ಎಲ್ಲಿ ಸಿಗುತ್ತಾರೆ

ಇದರಲ್ಲಿ ಪುಣೆ ಮುಂದು, ಅದನ್ನು ಒಪ್ಪಬೇಕು. ವಿಶ್ವವಿದ್ಯಾಲಯದ ಆವರಣದಲ್ಲಿ ಖಗೋಳ ವಿಜ್ಞಾನ ಸಂಸ್ಥೆ ಐಯುಕಾದ ಮುಕ್ತಾಂಗಣ ವಿಜ್ಞಾನ ಶೋಧಿಕಾ ಇದೆ. ಜಯಂತ ನಾರ್ಳೀಕರ್ ಕಟ್ಟಿದ ಸಂಸ್ಥೆ, ಅರವಿಂದ ಗುಪ್ತ ಕಸದಿಂದ ಆಟಿಕೆ ಮಾಡಿ ಮಕ್ಕಳಿಗೆ ವಿಜ್ಞಾನ ಕಲಿಸಿದ ಜಾಗ. ಶಾಲಾ ಮಕ್ಕಳಿಗೆ ಎರಡನೇ ಶನಿವಾರದ ಉಪನ್ಯಾಸ, ಎಂಟು, ಒಂಬತ್ತನೇ ತರಗತಿಯವರಿಗೆ ಬೇಸಿಗೆಯಲ್ಲಿ ವಿಜ್ಞಾನಿಯ ಕೈಕೆಳಗೆ ಕೆಲಸ. ಎರಡಕ್ಕೂ ಹೆಸರು ಹೋಗುವುದು ಶಾಲೆಯ ಮೂಲಕ, ಆದ್ದರಿಂದ ವಿಜ್ಞಾನದ ಟೀಚರಿಗೆ ಜನವರಿಯಲ್ಲೇ ನೆನಪಿಸಿ. ಗಣಿತಕ್ಕೆ ಭಾಸ್ಕರಾಚಾರ್ಯ ಪ್ರತಿಷ್ಠಾನ. ಶ್ರೀರಾಮ ಅಭ್ಯಂಕರ್ 1976ರಲ್ಲಿ ಸ್ಥಾಪಿಸಿದ್ದು, ಎರಂಡವಣೆಯಲ್ಲಿದೆ. ಐದು, ಆರನೇ ತರಗತಿಯವರಿಗೆ ಪ್ರತಿಭಾಶೋಧ ಪರೀಕ್ಷೆ, ದೊಡ್ಡವರಿಗೆ ಒಲಿಂಪಿಯಾಡ್ ತರಗತಿ. ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ಆಂಟೆನಾಗಳ ರೇಡಿಯೊ ದೂರದರ್ಶಕ ಫೆಬ್ರವರಿ 28ರ ಸುಮಾರಿಗೆ ಜನರಿಗೆ ತೆರೆದಿರುತ್ತದೆ.

ಮುಂಬಯಿಯಲ್ಲಿ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು 2009ರಿಂದ ನಡೆಸುತ್ತಿರುವ ಚಾಯ್ ಅಂಡ್ ವೈ ಮಾತುಕತೆಗೆ ಹೋಗಿ. ಜುಹೂವಿನ ಪೃಥ್ವಿ ಥಿಯೇಟರ್ ಮತ್ತು ಮಾಟುಂಗಾದ ರೂಪಾರೆಲ್ ಕಾಲೇಜು, ಭಾನುವಾರ ಬೆಳಿಗ್ಗೆ, ಟಿಕೆಟ್ ಇಲ್ಲ. ಹೋಗುವ ಮೊದಲು ಆ ತಿಂಗಳ ವೇಳಾಪಟ್ಟಿ ನೋಡಿಕೊಳ್ಳಿ. ಹೋದಾಗ ಮುಂದಿನ ಸಾಲಿನಲ್ಲಿ ಕೂರಿಸಿ, ಪ್ರಶ್ನೆಯನ್ನು ಮಗುವೇ ಕೇಳಲಿ, ನೀವು ಅನುವಾದ ಮಾಡಬೇಡಿ. ವರ್ಲಿಯ ನೆಹರೂ ವಿಜ್ಞಾನ ಕೇಂದ್ರ ಒಂದು ಸಲ ನೋಡಿ ಬರುವುದಕ್ಕಲ್ಲ, ಅಲ್ಲಿಯ ರಜೆಯ ಶಿಬಿರಗಳಿಗೆ ಹೋಗಬೇಕು.

ಗೋವಾದಲ್ಲಿ ಅವಕಾಶ ಕಡಿಮೆ, ಆದರೆ ಗುಂಪು ಚಿಕ್ಕದಾದ್ದರಿಂದ ದೊಡ್ಡವರ ಗಮನ ಸಿಗುತ್ತದೆ. ಮೀರಾಮಾರ್‌ನ ಗೋವಾ ವಿಜ್ಞಾನ ಕೇಂದ್ರ, ಪಣಜಿಯ ಸಾರ್ವಜನಿಕ ಖಗೋಳ ವೀಕ್ಷಣಾಲಯ, ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಮೂರೂ ಒಂದೇ ಬಸ್ಸಿನ ದಾರಿಯಷ್ಟು ಹತ್ತಿರ. ಮಳೆಗಾಲ ಮುಗಿದ ಮೇಲೆ ತಿಂಗಳಿಗೊಂದು ಸಂಜೆ ವೀಕ್ಷಣಾಲಯಕ್ಕೆ ಹೋಗಿ ಅಲ್ಲಿಯ ಹವ್ಯಾಸಿ ಖಗೋಳಪ್ರಿಯರ ಪರಿಚಯ ಮಾಡಿಕೊಂಡರೆ ಮಗುವಿಗೆ ಗುರು ಸಿಕ್ಕಂತೆ.

ರಜೆಗೆ ಊರಿಗೆ ಹೋಗುವವರು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಪ್ರತಿಭಾವಂತ ಮಕ್ಕಳ ಕಾರ್ಯಕ್ರಮವನ್ನೂ ವಿಚಾರಿಸಿ.

ತರಗತಿ ಹಾರಿಸುವುದೇ?

ನಮ್ಮ ಉತ್ತರ ಹೆಚ್ಚಿನ ಮಕ್ಕಳಿಗೆ ಬೇಡ ಎಂದೇ. ಮಗು ಎಲ್ಲ ವಿಷಯದಲ್ಲೂ ಮುಂದಿರುವುದು ಅಪರೂಪ. ಗಣಿತದಲ್ಲಿ ಮೂರು ವರ್ಷ ಮುಂದಿರುವ ಹುಡುಗಿ ಬರವಣಿಗೆಯಲ್ಲಿ ತನ್ನ ವಯಸ್ಸಿನವಳೇ ಆಗಿರುತ್ತಾಳೆ. ಮುಂದಿನ ಲೆಕ್ಕವೂ ಇದೆ. ನೀಟ್ ಬರೆಯಲು ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಎನ್‌ಐಓಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಹತ್ತನೇ ತರಗತಿ ಬರೆಯಲು 14 ಆಗಿರಬೇಕು. ಎರಡು ವರ್ಷ ಹಾರಿ ಬಂದ ಮಗು ಡಾಕ್ಟರಾಗುವ ಆಸೆ ಇಟ್ಟುಕೊಂಡರೆ ಬಾಗಿಲಲ್ಲಿ ಕಾಯುತ್ತಾ ಕೂರಬೇಕಾಗುತ್ತದೆ.

ಇದಕ್ಕಿಂತ ಸುಲಭವೂ ಉಪಯುಕ್ತವೂ ಆದದ್ದು ಒಂದೇ ವಿಷಯದಲ್ಲಿ ಮುಂದೆ ಬಿಡುವುದು. ಇದಕ್ಕೆ ಮಂಡಳಿಯ ಅನುಮತಿ ಬೇಡ, ಟೀಚರ್ ಮನಸ್ಸು ಮಾಡಿದರೆ ಸಾಕು. ಕೇಳುವ ರೀತಿಯಲ್ಲಿ ಎಲ್ಲ ಇದೆ. ಪಾಲಕರ ಸಭೆಯ ದಿನ, ಹಿಂದೆ ಹತ್ತು ಜನ ನಿಂತಿರುವಾಗ ಕೇಳಬೇಡಿ, ಬೇರೆ ಸಮಯ ಕೇಳಿ ಹೋಗಿ. "ನಿಮ್ಮ ಪಾಠ ಇವನಿಗೆ ಸಾಲುವುದಿಲ್ಲ" ಎಂದು ಶುರು ಮಾಡಿದರೆ ಅಲ್ಲಿಗೆ ಮಾತು ಮುಗಿಯಿತು. "ಮೇಡಂ, ಅಧ್ಯಾಯದ ಕೊನೆಯ ಅಭ್ಯಾಸವನ್ನು ಇವನು ಮೊದಲ ದಿನವೇ ಬಿಡಿಸಿ ನಿಮಗೆ ತೋರಿಸುತ್ತಾನೆ. ಎಲ್ಲ ಸರಿ ಇದ್ದರೆ ಗಣಿತದ ಪೀರಿಯಡ್‌ನಲ್ಲಿ ಹಿಂದಿನ ಬೆಂಚಿನಲ್ಲಿ ಈ ಪುಸ್ತಕ ಮಾಡಬಹುದೇ? ನಿಮಗೆ ತಿದ್ದುವ ಕೆಲಸ ಕೊಡುವುದಿಲ್ಲ, ಯೂನಿಟ್ ಟೆಸ್ಟ್‌ನಲ್ಲಿ ಅಂಕ ಇಳಿದರೆ ನಿಲ್ಲಿಸೋಣ" ಎನ್ನಿ. ಕೈಯಲ್ಲಿ ಆ ಪುಸ್ತಕವೂ ನಿಮ್ಮ ಎರಡು ತಿಂಗಳ ನೋಟ್‌ಬುಕ್ಕೂ ಇರಲಿ. ಒಂದು ಘಟಕದ ಮಟ್ಟಿಗೆ ಮಾತ್ರ ಕೇಳಿ, ಇಡೀ ವರ್ಷಕ್ಕೆ ಬೇಡ. ದೀಪಾವಳಿ ರಜೆಯ ನಂತರ ಮತ್ತೆ ಹೋಗಿ, ಹೇಗಾಯಿತು ಎಂದು ಮೇಡಂ ಅವರನ್ನೇ ಮೊದಲು ಕೇಳಿ.